ಸ್ಕೋಪ್ ಆರಿಸುವಾಗ ಮೊದಲು ನೋಡಬೇಕಾದದ್ದು ಜೂಮ್ ಅಲ್ಲ

ಮಾನ್ಯ ಸಂಪಾದಕರೇ,

ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕೊಡಗಿನ ಊರುಗಳಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೇಖನ ಒಟ್ಟಿನಲ್ಲಿ ಚೆನ್ನಾಗಿಯೇ ಇತ್ತು. ಆದರೆ ದಪ್ಪ ನಳಿಗೆಯ ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಹಿಡಿ ಎಳೆದು ತೋಟಾ ಏರಿಸುವಂಥದು) ಇಟ್ಟುಕೊಂಡವರು ಗುರಿ ಅಭ್ಯಾಸಕ್ಕೆ 24 ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಮುಂಗಾಜಿನ ಸ್ಕೋಪನ್ನೇ, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನನ್ನೇ, ಕೊಳ್ಳಬೇಕೆಂದು ಅದರಲ್ಲಿ ಕೊಟ್ಟ ಸಲಹೆಯನ್ನು, ಸೈನ್ಯದಲ್ಲಿದ್ದಾಗಲೂ ನಿವೃತ್ತನಾದ ಮೇಲೂ ರೈಫಲ್‌ಗಳ ಒಡನಾಟದಲ್ಲೇ ಇರುವ ನಾನು ಒಪ್ಪಲಾರೆ.

ನಮ್ಮಲ್ಲಿ ಗುರಿ ಅಭ್ಯಾಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಪಾಯಿಂಟ್ 22, ಅಂದರೆ 0.22 ಅಂಗುಲದ ಸಣ್ಣ ಗುಂಡಿನ, ರೈಫಲ್. ದೂರ ಬಹುಮಟ್ಟಿಗೆ 50 ಮೀಟರ್. ಈ ರೈಫಲ್‌ನ ನಳಿಗೆ ದಪ್ಪವಾಗಿರುವುದು ಬಿಸಿ ತಡೆಯಲಿಕ್ಕೆ ಎಂದು ಲೇಖಕರು ಬರೆದಿದ್ದಾರೆ. ದೊಡ್ಡ ತೋಟಾದ ರೈಫಲ್‌ಗಳಿಗೆ ಆ ಮಾತು ಸಲ್ಲುತ್ತದೆ. ಪಾಯಿಂಟ್ 22ರ ಚಿಟಿಕೆ ಮದ್ದು ನಳಿಗೆಯನ್ನು ಅಷ್ಟೇನೂ ಕಾಯಿಸುವುದಿಲ್ಲ. ಇಲ್ಲಿ ದಪ್ಪ ನಳಿಗೆಯಿಂದ ಆಗುವ ಲಾಭವೆಂದರೆ ಅದರ ಬಿಗಿ ಮತ್ತು ತೂಕ: ಗುಂಡು ಹೊರಡುವಾಗ ನಳಿಗೆ ಕಡಿಮೆ ಕಂಪಿಸುತ್ತದೆ, ಮರಳಿನ ಚೀಲದ ಮೇಲಿಟ್ಟರೆ ಅಲುಗದೆ ಕೂರುತ್ತದೆ. ಹೀಗೆ ಕೂರುವ ರೈಫಲ್‌ನಲ್ಲಿ ಸ್ಕೋಪಿನ ಸಣ್ಣ ದೋಷವೂ ಎದ್ದು ಕಾಣುತ್ತದೆ.

ನನ್ನ ಅಣ್ಣನ ಮಗ ಹೋದ ವರ್ಷ ಇಂಥದೇ ಸಲಹೆ ಕೇಳಿ 4-12×50 ಸ್ಕೋಪ್ (4ರಿಂದ 12 ಪಟ್ಟು, 50 ಮಿ.ಮೀ. ಮುಂಗಾಜು) ತಂದು ಹಾಕಿಸಿದ. ಗುಂಡುಗಳು ಕಾಯಿಯ ಎಡಕ್ಕೊಂದು ಬಲಕ್ಕೊಂದು ಬೀಳತೊಡಗಿದವು. ಮೊದಲು ತೋಟಾದ ಮೇಲೆ ದೂರು ಹಾಕಿದೆವು, ಆಮೇಲೆ ನಳಿಗೆಯ ಮೇಲೆ. ಕೊನೆಗೆ ನಾನೇ ಕುಳಿತು, ಖಾಲಿ ರೈಫಲನ್ನು ಚೀಲಗಳ ನಡುವೆ ಭದ್ರವಾಗಿಟ್ಟು, ಅದನ್ನು ಮುಟ್ಟದೆ ತಲೆಯನ್ನಷ್ಟೇ ಎಡಬಲಕ್ಕೆ ಸರಿಸಿ ನೋಡಿದೆ. ಸ್ಕೋಪಿನೊಳಗೆ ಗುರಿ ಹಿಡಿಯಲು ಇರುವ ಅಡ್ಡಗೆರೆ ತೆಂಗಿನಕಾಯಿಯ ಒಂದು ಕಣ್ಣಿನಿಂದ ಇನ್ನೊಂದರತ್ತ ಹರಿದಾಡುತ್ತಿತ್ತು.

ಇದಕ್ಕೆ ಪ್ಯಾರಲಾಕ್ಸ್ ಎನ್ನುತ್ತಾರೆ. ಗುರಿಯ ಬಿಂಬವೂ ಅಡ್ಡಗೆರೆಯೂ ಸ್ಕೋಪಿನೊಳಗೆ ಒಂದೇ ಸಮತಲದಲ್ಲಿ ಕೂಡದಿದ್ದರೆ ಕಣ್ಣು ಸರಿದಂತೆಲ್ಲ ಗುರಿಯೂ ಸರಿದಂತೆ ಕಾಣುತ್ತದೆ. ಆ ಸ್ಕೋಪನ್ನು ತಯಾರಿಸುವಾಗಲೇ 100 ಗಜಕ್ಕೆ ಹೊಂದಿಸಿಬಿಟ್ಟಿದ್ದರು, ಬದಲಿಸಿಕೊಳ್ಳುವ ಸೌಲಭ್ಯವಿರಲಿಲ್ಲ. ಅಂಥ ಸ್ಕೋಪಿನಲ್ಲಿ 50 ಮೀಟರ್ ದೂರದ ಗುರಿ ನೋಡುವಾಗ ಕಣ್ಣು ಪೂರ್ತಿ ಅಂಚಿಗೆ ಸರಿದರೆ ಸುಮಾರು 11 ಮಿ.ಮೀ. ತಪ್ಪಾಗುತ್ತದೆ. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆಯೇ 10.4 ಮಿ.ಮೀ. ಎಂದರೆ ಈ ತಪ್ಪಿನ ಗಾತ್ರ ಅರಿವಾದೀತು. ಮುಂಗಾಜು ದೊಡ್ಡದಾದಷ್ಟೂ ಈ ತಪ್ಪಿನ ಮಿತಿ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಆದ್ದರಿಂದ ಪಾಯಿಂಟ್ 22ಕ್ಕೆ ಸ್ಕೋಪ್ ಕೊಳ್ಳುವವರು ಮುಂಗಾಜಿನ ಸುತ್ತ ಅಥವಾ ಪಕ್ಕದಲ್ಲಿ ಪ್ಯಾರಲಾಕ್ಸ್ ಹೊಂದಿಸುವ ತಿರುಗಣೆ ಇದೆಯೇ, ಅದು 25 ಗಜಕ್ಕಾದರೂ ಇಳಿಯುತ್ತದೆಯೇ ಎಂದು ಮೊದಲು ಕೇಳಬೇಕು. ಅದು ಕೈಗೆಟುಕದಿದ್ದರೆ 50 ಗಜಕ್ಕೆ ಹೊಂದಿಸಿದ, ಪಾಯಿಂಟ್ 22ರಂಥ ಸಣ್ಣ ತೋಟಾದ ರೈಫಲ್‌ಗೆಂದೇ ಮಾಡಿದ ‘ರಿಮ್‌ಫೈರ್’ ಸ್ಕೋಪ್ ಸಾಕು.

ದೊಡ್ಡ ಮುಂಗಾಜಿನ ಇನ್ನೊಂದು ತೊಡಕು ದಪ್ಪ ನಳಿಗೆಯವರಿಗೇ ಮೀಸಲು. ಸಾಮಾನ್ಯ ನಳಿಗೆ ಮುಂದೆ ಹೋದಂತೆ ಸಪೂರವಾಗಿ ಜಾಗ ಬಿಡುತ್ತದೆ. ದಪ್ಪ ನಳಿಗೆ ಮೂತಿಯವರೆಗೂ ಹೆಚ್ಚುಕಡಿಮೆ ಒಂದೇ ಗಾತ್ರದ್ದು. ಅಲ್ಲಿ 50 ಮಿ.ಮೀ. ಗಾಜಿನ ಬಾಯಿ ನಳಿಗೆಗೆ ತಾಗುತ್ತದೆಂದು, ಸ್ಕೋಪನ್ನು ರೈಫಲ್‌ಗೆ ಬಿಗಿಯುವ ರಿಂಗನ್ನು ಎತ್ತರದ್ದು ಹಾಕಿಸುತ್ತಾರೆ. ಆಗ ಕೆನ್ನೆ ಹಿಂಬದಿಯ ಮರಕ್ಕೆ ಒರಗುವುದಿಲ್ಲ, ಗದ್ದವಷ್ಟೇ ಆಸರೆಯಾಗುತ್ತದೆ, ಪ್ರತಿ ಗುಂಡಿಗೂ ತಲೆ ಒಂದೊಂದು ಕಡೆ ನಿಲ್ಲುತ್ತದೆ. ಪ್ಯಾರಲಾಕ್ಸ್ ಇರುವ ಸ್ಕೋಪಿಗೆ ಇದೂ ಸೇರಿದರೆ ಕೇಳುವುದೇ ಬೇಡ. ನಮ್ಮ ಹುಡುಗ ಹಳೆಯ ಖಾಕಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮರಕ್ಕೆ ಕಟ್ಟಿಕೊಂಡು ಒಂದು ತಿಂಗಳು ಕಳೆದ. ಕೊನೆಗೆ 40 ಮಿ.ಮೀ. ಗಾಜಿನ, ಪ್ಯಾರಲಾಕ್ಸ್ ಹೊಂದಿಸಬಹುದಾದ ಸ್ಕೋಪ್ ತಂದು ಮಧ್ಯಮ ಎತ್ತರದ ರಿಂಗಿನಲ್ಲಿ ಕೂರಿಸಿದ ಮೇಲೆ ಬಟ್ಟೆ ಬಿಚ್ಚಿದ. ಕೊಳ್ಳುವ ಮುನ್ನ ರೈಫಲ್‌ನ ಬೋಲ್ಟನ್ನು ಪೂರ್ತಿ ಎತ್ತಿ, ಅದರ ಹಿಡಿ ಸ್ಕೋಪಿನ ಹಿಂಭಾಗಕ್ಕೆ ತಾಗುವುದೇ ಎಂದೂ ನೋಡಿಕೊಳ್ಳಬೇಕು.

ಇನ್ನು 24 ಪಟ್ಟಿನ ಮಾತು. ಮುಂಗಾಜಿನ ಅಳತೆಯನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ; ಅದು ಕಿರಿದಾದಷ್ಟೂ ನೋಟ ಮಬ್ಬು: 50ನ್ನು 24ರಿಂದ ಭಾಗಿಸಿದರೆ ಸುಮಾರು 2 ಮಿ.ಮೀ., 40ನ್ನು 10ರಿಂದ ಭಾಗಿಸಿದರೆ 4 ಮಿ.ಮೀ. ಸೆಪ್ಟೆಂಬರ್ ತಿಂಗಳ ನಮ್ಮ ಜಡಿಮಳೆಯಲ್ಲಿ, ಮೋಡ ಕವಿದ ಮಧ್ಯಾಹ್ನ 24 ಪಟ್ಟಿಗೆ ತಿರುಗಿಸಿದರೆ ಕಾಣುವುದು ಮಬ್ಬು ಕಾಯಿ, ದೊಡ್ಡದಾದ ಮಂಜು ಮತ್ತು ನಮ್ಮದೇ ಎದೆಬಡಿತ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ತ್ರಿಭಂಗಿ (ಮಂಡಿಯೂರಿ, ಮಲಗಿ, ನಿಂತು ಗುಂಡು ಹೊಡೆಯುವ) ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಅಲ್ಲಿ ಕಿಂಡಿಯ ಮೂಲಕವೇ ಗುರಿ ನೋಡಬೇಕು. ಹಾಗಿರುವಾಗ ಅದೇ ದೂರಕ್ಕೆ 9 ಅಥವಾ 12 ಪಟ್ಟು ಸಾಲದೆಂಬ ಮಾತು ನನಗಂತೂ ಹಿಡಿಸುವುದಿಲ್ಲ. ಊರಿನ ಸ್ಪರ್ಧೆಯಲ್ಲಿ ಸ್ಕೋಪ್ ಬಿಡುತ್ತಾರೋ ಇಲ್ಲವೋ ಎಂಬುದನ್ನು ಸಂಘಟಕರಲ್ಲಿ ಕೇಳಿಕೊಂಡೇ ಹಣ ಬಿಚ್ಚುವುದು ಲೇಸು.

ಲೇಖನದಲ್ಲಿ ನುಸುಳಿರುವ ಒಂದು ತಪ್ಪನ್ನು ಮಾತ್ರ ತಾವು ದಯವಿಟ್ಟು ತಿದ್ದಬೇಕು. ಗುಂಡು ಬೀಳುವ ಜಾಗ ಸರಿಪಡಿಸುವ ಸ್ಕೋಪಿನ ತಿರುಗಣೆಯ ಒಂದು ಕ್ಲಿಕ್‌ಗೆ ಗುಂಡು ಕಾಲು ಅಂಗುಲ ಸರಿಯುತ್ತದೆಂದು ಅಲ್ಲಿ ಅಚ್ಚಾಗಿದೆ. ಕಾಲು ಮಿನಿಟ್‌ನ (ಮಿನಿಟ್ ಎಂದರೆ ಕೋನದ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಕೋಪುಗಳಲ್ಲಿ ಅದು 100 ಗಜದ ಲೆಕ್ಕ. 50 ಮೀಟರಿನಲ್ಲಿ ಒಂದು ಕ್ಲಿಕ್‌ಗೆ ಸರಿಯುವುದು ಸುಮಾರು 3.6 ಮಿ.ಮೀ. ಮಾತ್ರ. ಗುಂಡು 4 ಸೆಂ.ಮೀ. ಕೆಳಗೆ ಬೀಳುತ್ತಿದ್ದರೆ 11 ಕ್ಲಿಕ್ ಬೇಕು. ಲೇಖನ ನಂಬಿ 6 ಕ್ಲಿಕ್ ತಿರುಗಿಸಿದವರ ಗುಂಡು ಇನ್ನೂ ಸುಮಾರು 2 ಸೆಂ.ಮೀ. ಕೆಳಗೇ ಬೀಳುತ್ತಿರುತ್ತದೆ.

ಇತಿ,
ಓರ್ವ ನಿವೃತ್ತ ಸೈನಿಕ,
ವಿರಾಜಪೇಟೆ ತಾಲ್ಲೂಕು