ಮಜ್ಜಿಗೆ ಬ್ಯಾಕ್ಟೀರಿಯಾದ ಲಸಿಕೆಗೆ ನಮ್ಮಲ್ಲೂ ಹಣ ಸಿಗಲಿ

ಮಾನ್ಯರೇ,

ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾ ನನಗೆ ಚೆನ್ನಾಗಿ ಪರಿಚಯ. ಡೇರಿಯ ಲ್ಯಾಬಿನಲ್ಲಿ ಕಲ್ಚರ್ ನೋಡಿಕೊಳ್ಳುವುದೇ ನನ್ನ ನೌಕರಿಯಾಗಿತ್ತು. ಫ್ರೀಜರ್‌ನಿಂದ ಪುಡಿಯ ಪೊಟ್ಟಣ ತೆಗೆದು, ಕಾಯಿಸಿ ಆರಿಸಿದ ಹಾಲಿಗೆ ಹಾಕಿ, ಹುಳಿ ಎಷ್ಟು ಬಂತೆಂದು ಆಗಾಗ ನೋಡುತ್ತಿದ್ದೆ. ಮಜ್ಜಿಗೆಗೂ ಚೀಸಿಗೂ ಬಳಸುವ ಈ ನಿರಪಾಯ ಬ್ಯಾಕ್ಟೀರಿಯಾದಿಂದಲೇ ಲಸಿಕೆ ಕೊಡಲು ಸಂಶೋಧನೆ ನಡೆದಿದೆ. ಅದಕ್ಕೆ ನಮ್ಮ ದೇಶ ಹಣ ಹಾಕಬೇಕು ಎಂದು ಕೇಳಲು ಈ ಪತ್ರ.

ನನ್ನ ಮನಸ್ಸಿನಲ್ಲಿರುವುದು ಕಾಲಾ ಅಜಾರ್. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಬಡವರನ್ನು ಕಾಡುವ ಕಾಯಿಲೆ. ಮರಳು ನೊಣ ಕಚ್ಚಿದಾಗ ಲೀಷ್ಮೇನಿಯಾ ಎಂಬ ಪರಾವಲಂಬಿ ಮೈ ಸೇರುತ್ತದೆ. ವಾರಗಟ್ಟಲೆ ಜ್ವರ ಬಿಡುವುದಿಲ್ಲ, ಗುಲ್ಮ ಊದುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುತ್ತದೆ. ನಮ್ಮ ಡೇರಿಯಲ್ಲಿ ಕ್ರೇಟ್ ಎತ್ತುತ್ತಿದ್ದ ಬಿಹಾರದ ಹುಡುಗನೊಬ್ಬ ಇದರಿಂದ ತಂಗಿಯನ್ನು ಕಳೆದುಕೊಂಡಿದ್ದ. ಅವನಿಂದ ಕೇಳಿದ ಮೇಲೆಯೇ ನಾನು ಇದರ ಬಗ್ಗೆ ಓದತೊಡಗಿದ್ದು.

ಕಾಯಿಲೆ ಈಗ ತುಂಬಾ ಇಳಿದಿದೆ, ಇನ್ನು ಲಸಿಕೆ ಯಾಕೆ ಎನ್ನುವವರಿದ್ದಾರೆ. ಹಿಂದೆ ಮಲೇರಿಯಾಕ್ಕೆಂದು ಡಿಡಿಟಿ ಹೊಡೆದಾಗ ಮರಳು ನೊಣಗಳೂ ಸತ್ತು ಈ ಕಾಯಿಲೆ ಇಲ್ಲವಾದಂತೆಯೇ ಆಗಿತ್ತು. ಸಿಂಪಡಣೆ ನಿಂತಿತು. 1970ರ ದಶಕದಲ್ಲಿ ಬಿಹಾರದಲ್ಲಿ ಅದೇ ಕಾಯಿಲೆ ಮತ್ತೆ ಎದ್ದಿತು. ಗುಣವಾದ ಕೆಲವರ ಚರ್ಮದಲ್ಲಿ ಪರಾವಲಂಬಿ ಉಳಿದು ಮಚ್ಚೆ ಏಳುತ್ತದೆ. ಅಂಥವರನ್ನು ಕಚ್ಚಿದ ನೊಣದಿಂದ ಇನ್ನೊಬ್ಬರಿಗೆ ಹರಡಬಹುದು. ಇಂದು ಒಳ್ಳೆಯ ಔಷಧವಿದೆ, ನಿಜ. ಮನುಷ್ಯರಿಗೆ ಕೊಡುವ ಲಸಿಕೆ ಮಾತ್ರ ಇನ್ನೂ ಬಳಕೆಗೆ ಬಂದಿಲ್ಲ.

2012ರಲ್ಲಿ ಕೆನಡಾದ ಸಂಶೋಧಕರು ಲೀಷ್ಮೇನಿಯಾದ ಒಂದು ಪ್ರೊಟೀನಿನ ಜೀನನ್ನು ಈ ಬ್ಯಾಕ್ಟೀರಿಯಾದೊಳಗೆ ಸೇರಿಸಿ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟರು. ಇಲ್ಲೊಂದು ತೊಡಕಿದೆ. ಹೊಟ್ಟೆಗೆ ಹೋದದ್ದನ್ನೆಲ್ಲ ಶತ್ರು ಅಂದುಕೊಂಡರೆ ಊಟ ಮಾಡುವುದೇ ಕಷ್ಟ, ಅಲ್ವಾ? ಹಾಗಾಗಿ ಆಹಾರದ ಜೊತೆ ಬಂದದ್ದನ್ನು ನಮ್ಮ ಕರುಳು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಲಸಿಕೆ ಅಲ್ಲೇ ಸೋಲಬಹುದು. ಅದಕ್ಕೇ ಅವರು ಇಂಟರ್‌ಲ್ಯೂಕಿನ್-12 ಎಂಬ ಎಚ್ಚರಿಕೆಯ ಸಂಕೇತವನ್ನೂ ಬ್ಯಾಕ್ಟೀರಿಯಾದಿಂದಲೇ ತಯಾರಿಸಿದರು. ಇಲಿಗಳಿಗೆ ಸ್ವಲ್ಪ ಮಟ್ಟಿನ ರಕ್ಷಣೆ ಸಿಕ್ಕಿತು. ಅದು ಚರ್ಮದ ಲೀಷ್ಮೇನಿಯಾ, ಕಾಲಾ ಅಜಾರ್ ಅಲ್ಲ. ಆದರೂ ದಾರಿಯೊಂದು ಕಾಣಿಸಿದೆ. ಮನೆಯ ಮಜ್ಜಿಗೆಯಲ್ಲಿ ಈ ಗುಣ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಜೀನ್ ಬದಲಿಸಿದ ಬ್ಯಾಕ್ಟೀರಿಯಾ ಹೊರಗೆ ಹರಡಿದರೆ ಎಂಬ ಭಯ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬೆಲ್ಜಿಯಂನ ಗೆಂಟ್‌ನ ವಿಜ್ಞಾನಿಗಳು ಅದಕ್ಕೂ ಉಪಾಯ ಕಂಡುಕೊಂಡರು. ತೈಮಿಡಿನ್ ಎಂಬ ವಸ್ತು ಸಿಗದಿದ್ದರೆ ಬೆಳೆಯಲಾರದಂತೆ ಇದೇ ಬ್ಯಾಕ್ಟೀರಿಯಾವನ್ನು ಬದಲಿಸಿದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕರುಳಿನ ಕಾಯಿಲೆಯ 10 ಜನರಿಗೆ ಅದನ್ನು ಕೊಟ್ಟು ನೋಡಿದ ವರದಿ 2006ರಲ್ಲಿ ಬಂತು. ಮಲದಲ್ಲಿ ಹೊರಬಂದ ಬ್ಯಾಕ್ಟೀರಿಯಾಕ್ಕೆ ಬೆಳೆಯಲು ತೈಮಿಡಿನ್ ಬೇಕೇ ಆಗಿತ್ತು.

ಬಡವರ ಕಾಯಿಲೆಗೆ ಕಂಪನಿಗಳು ತಾವಾಗಿ ಹಣ ಹಾಕುವುದು ಕಷ್ಟ. ಕಾಲಾ ಅಜಾರ್ ಬಲ್ಲವರು ಪಟ್ನಾದ ರಾಜೇಂದ್ರ ಸ್ಮಾರಕ ಸಂಶೋಧನಾ ಸಂಸ್ಥೆಯಲ್ಲಿದ್ದಾರೆ. ಹಾಲಿನ ಬ್ಯಾಕ್ಟೀರಿಯಾ ಬಲ್ಲವರು ಕರ್ನಾಲ್‌ನಲ್ಲೂ ಬೆಂಗಳೂರಿನ ಆಡುಗೋಡಿಯಲ್ಲೂ ಇರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿದ್ದಾರೆ. ಇಬ್ಬರನ್ನೂ ಕೂಡಿಸಿ, ಮಧ್ಯದಲ್ಲಿ ನಿಲ್ಲದಂತೆ ಕೆಲವು ವರ್ಷಗಳ ಅನುದಾನವನ್ನು ಕೇಂದ್ರ ಸರ್ಕಾರ ಕೊಡಲಿ. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಲಿ.

– ನಿವೃತ್ತ ಡೇರಿ ಲ್ಯಾಬ್ ಟೆಕ್ನಿಷಿಯನ್, ಹಾಸನ