ಆಗಸ್ಟ್ 12ಕ್ಕೆ ಮೊದಲು ಬೀರು ತೆರೆಯೋಣ

ಎಲ್ಲ ಗ್ರಂಥಾಲಯ ಮೇಲ್ವಿಚಾರಕರಿಗೆ ನಮಸ್ಕಾರ.

ಆಗಸ್ಟ್ 12 ಗ್ರಂಥಪಾಲಕರ ದಿನ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಫೋಟೋಗೆ ಹಾರ ಹಾಕಿ, ಸೆಲ್ಫಿ ಕಳಿಸಿ ಮುಗಿಸುವುದು ಬೇಡ ಅಲ್ವಾ? ಅವರು 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಬಳಸುವುದಕ್ಕೆ ಅಂತ. ನಮ್ಮಲ್ಲೋ, ಎಷ್ಟೋ ಕಡೆ ಮಕ್ಕಳ ಪುಸ್ತಕ ಬೀರುವಿನೊಳಗೆ, ಬೀಗದ ಕೈ ನಮ್ಮ ಜೇಬಿನಲ್ಲಿ. ನಾನೂ ಹಾಗೇ ಮಾಡುತ್ತಿದ್ದೆ. ಹೋದ ತಿಂಗಳು ಮೂವತ್ತು ತೆಳು ಪುಸ್ತಕ ತೆಗೆದೆ. ಕಿಟಕಿ ಸರಳಿಗೆ ಹಗ್ಗ ಕಟ್ಟಿ, ಮುಖಪುಟ ಕಾಣುವ ಹಾಗೆ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿದೆ. ಈಗ ಶಾಲೆ ಬಿಟ್ಟು ಬರುವ ಮಕ್ಕಳು ಬ್ಯಾಗ್ ಇಳಿಸುವ ಮೊದಲೇ ಪುಸ್ತಕ ಎಳೆಯುತ್ತಾರೆ. ಎರಡು ಹರಿದವು, ಅಂಟಿಸಿದೆ. ಅಷ್ಟೇ.

ಹೊಸ ಪುಸ್ತಕಕ್ಕೆ ದುಡ್ಡಿಲ್ಲ ಅನ್ನುವವರು ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. ಕನ್ನಡದ ಮಕ್ಕಳ ಕತೆಗಳು ಅಲ್ಲಿ ಉಚಿತ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಓದಿನ ಹಂತ ನಾಲ್ಕಿವೆ. ಈಗಷ್ಟೇ ಅಕ್ಷರ ಕೂಡಿಸುವವರಿಗೆ ಒಂದನೇ ಹಂತದ್ದೇ ಕೊಡಿ, ದೊಡ್ಡ ಕತೆ ಕೊಟ್ಟರೆ ಸುಮ್ನೆ ಚಿತ್ರ ನೋಡಿ ಇಟ್ಟುಬಿಡುತ್ತಾರೆ.

ಮಳೆ ಜಾಸ್ತಿ ಇರುವ ಕಡೆಯವರು ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ಒದ್ದೆಯಾದ ಪುಸ್ತಕವನ್ನು ಬಿಸಿಲಿಗೆ ಹಾಕಬೇಡಿ, ಫ್ಯಾನ್ ಗಾಳಿಗೆ ನಿಲ್ಲಿಸಿ.

ನಿಮ್ಮಲ್ಲಿ ಏನು ಮಾಡುತ್ತೀರಿ ಅಂತ 10ನೇ ತಾರೀಕಿನೊಳಗೆ ಈ ಗುಂಪಿನಲ್ಲಿ ಒಂದು ಸಾಲು ಹಾಕಿ. ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಚಿತ್ರಗಳಿಗೆ ರಜೆ.