ಫೋಟೊ ಸಾಲದು ಅಕ್ಕಾ, ಜ್ವರದ ಲೆಕ್ಕ ಹೇಳು

ಪ್ರೀತಿಯ ಅಕ್ಕ,

ಪುಟ್ಟಿಯ ಬೆನ್ನಿನ ಮೇಲೆ ಎದ್ದಿರುವ ದದ್ದು ಏನು ಅಂತ ಕೇಳಿ ನೀನು ಕಳಿಸಿದ ಫೋಟೊ ನೋಡಿದೆ. ಮೊದಲು ಒಂದು ಕೆಲಸ ಮಾಡು. ಗಾಜಿನ ಲೋಟವನ್ನು ದದ್ದಿನ ಮೇಲೆ ಒತ್ತಿ ಹಿಡಿದು ನೋಡು. ಒತ್ತಿದರೂ ಬಣ್ಣ ಮಾಯವಾಗದಿದ್ದರೆ ಅದು ಚರ್ಮದೊಳಗೆ ರಕ್ತ ಸೋರಿರುವ ಗುರುತು. ಜೊತೆಗೆ ಜ್ವರ, ಮಂಕು ಇದ್ದರೆ ಈ ಪತ್ರ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಓಡು.

ಬಣ್ಣ ಮಾಯವಾಯಿತು ಅಂದರೆ ನಿಧಾನವಾಗಿ ಓದು. ಇಲ್ಲಿ ಚರ್ಮದ ವಿಭಾಗದಲ್ಲಿ ನಾವು ದದ್ದು ನೋಡುವುದಕ್ಕಿಂತ ತಾಯಂದಿರನ್ನು ಕೇಳುವುದೇ ಜಾಸ್ತಿ. ಜ್ವರ ಯಾವತ್ತು ಬಂತು? ದದ್ದು ಎದ್ದಾಗ ಜ್ವರ ಇತ್ತಾ, ಬಿಟ್ಟಿತ್ತಾ? ಮೊದಲು ಎಲ್ಲಿ ಕಾಣಿಸಿತು?

ದಡಾರದಲ್ಲಿ ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು ಮೊದಲು. ಆಮೇಲೆ ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ದದ್ದು ಎದ್ದು ಕೆಳಗಿಳಿಯುತ್ತದೆ. ಆಗಲೂ ಜ್ವರ ಜೋರಾಗಿಯೇ ಇರುತ್ತದೆ. ದದ್ದಿಗೂ ಮುಂಚೆ ಕೆನ್ನೆಯ ಒಳಗೆ, ದವಡೆ ಹಲ್ಲಿನ ಎದುರು, ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಬರುತ್ತವೆ. ಟಾರ್ಚ್ ಹಿಡಿದು ಹುಡುಕಿದರೇ ಸಿಗುವುದು. ದಡಾರದ ಅನುಮಾನ ಬಂದರೆ ಕ್ಲಿನಿಕ್ಕಿಗೆ ಮೊದಲೇ ಫೋನ್ ಮಾಡಿ ಹೋಗು. ರೋಗಿ ಎದ್ದು ಹೋದ ಮೇಲೂ ಆ ವೈರಸ್ 2 ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು.

ರೋಸಿಯೋಲ ಅಂತ ಪುಟ್ಟ ಮಕ್ಕಳ ಇನ್ನೊಂದು ವೈರಸ್ ಜ್ವರ ಇದೆ, ಅದು ಇದಕ್ಕೆ ಉಲ್ಟಾ. 3ರಿಂದ 5 ದಿನ ಸುಡುವ ಜ್ವರ, ಅದು ಬಿಟ್ಟ ಮೇಲೆ ಎದೆ, ಬೆನ್ನಿನ ಮೇಲೆ ದದ್ದು. 2 ವರ್ಷದೊಳಗಿನ ಮಕ್ಕಳಿಗೇ ಜಾಸ್ತಿ. ಅಷ್ಟರಲ್ಲಿ ಯಾರಾದರೂ ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಮುಗಿಯಿತು, 'ಔಷಧಿ ಅಲರ್ಜಿ' ಅಂತ ಫೈಲಿನಲ್ಲಿ ಬರೆದುಬಿಡುತ್ತಾರೆ. ಮುಂದೆ ನಿಜವಾಗಿ ಬೇಕಾದಾಗ ಮಗುವಿಗೆ ಆ ಔಷಧಿ ಸಿಗುವುದಿಲ್ಲ. ನನಗೆ ತುಂಬಾ ಬೇಜಾರಾಗುವುದು ಇದಕ್ಕೇ. ಪುಟ್ಟಿಯ ಫೈಲಿನಲ್ಲಿ ಹಾಗೆ ಬರೆಯುವ ಮೊದಲು ದಿನಗಳ ಲೆಕ್ಕ ಕೇಳಿ ಅಂತ ಡಾಕ್ಟರಿಗೆ ಹೇಳು, ಸಂಕೋಚ ಬೇಡ.

ಚಿಕನ್ ಪಾಕ್ಸ್ ಅಲ್ಲ ಅನ್ನಿಸುತ್ತದೆ. ಅದಾಗಿದ್ದರೆ ಕೆಂಪು ಚುಕ್ಕೆ, ನೀರುಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೆ ಕಾಣಬೇಕಿತ್ತು. ಎರಡೂ ಕೆನ್ನೆ ಕೆಂಪಾಗಿ, ಆಮೇಲೆ ತೋಳಿನ ಮೇಲೆ ಬಲೆಯ ಹಾಗೆ ಹರಡಿದರೆ ಪಾರ್ವೊವೈರಸ್ ಬಿ19 ಅನ್ನುವ ಇನ್ನೊಂದು ವೈರಸ್ಸಿನ ಸೋಂಕು ಇರಬಹುದು. ಹತ್ತಿರದಲ್ಲಿ ಬಸುರಿಯರಿದ್ದರೆ ಅವರಿಗೆ ತಿಳಿಸಲೇಬೇಕು.

ಇನ್ನೊಂದು ವಿಷಯ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಅಷ್ಟಾಗಿ ಕಾಣಲ್ಲ, ಅಲ್ವಾ? ಅಂಗೈ, ಅಂಗಾಲು, ಬಾಯಿಯ ಒಳಗೂ ನೋಡು. ಕಿಟಕಿ ಬೆಳಕಿನಲ್ಲಿ ಮತ್ತೆ ಫೋಟೊ ತೆಗೆದು, ಜ್ವರದ ತಾರೀಖು, ಕೊಟ್ಟ ಔಷಧಿ, ಹಾಕಿಸಿದ ಲಸಿಕೆ ಎಲ್ಲಾ ಬರೆದು ಇವತ್ತೇ ಕಳಿಸು.

ನಿನ್ನ ತಮ್ಮ